ಮರಳು, ಬಿಳಿಗಾರ, ಸೀಮೆಎಣ್ಣೆ

ಎಪ್ಪತ್ತರ ದಶಕದಲ್ಲಿ ಶಿರಾ ಸೀಮೆಯ ನಮ್ಮೂರ ಕುಲುಮೆಯಲ್ಲಿ ಜರಡಿ ಹಿಡಿದ ಹಳ್ಳದ ಮರಳು ತಗಡಿನ ಡಬ್ಬಿಯಲ್ಲಿ ಸದಾ ಇರುತ್ತಿತ್ತು. ಗಾಡಿಚಕ್ರದ ಪಟ್ಟಿಯ ಎರಡೂ ತುದಿ ಬೆಳ್ಳಗೆ ಕಾಯುತ್ತಲೇ ಆಚಾರ್ರು ಒಂದು ಹಿಡಿ ಎರಚುವರು. ಮರಳು ಕರಗಿ ಪಾಕದಂತೆ ಹರಿಯುತ್ತಿತ್ತು. ಸಮ್ಮಟಿಗೆಯ ಮೊದಲ ಏಟಿಗೇ ಅದು ಬದಿಗೆ ಸಿಡಿದು, ಹತ್ತಿರ ನಿಂತ ಹುಡುಗರ ಕಾಲಲ್ಲಿ ಬೊಬ್ಬೆ ಏಳುತ್ತಿತ್ತು. ಅದನ್ನು ಮನೆತನದ ಗುಟ್ಟು ಎನ್ನುವವರಿದ್ದರು. ಗುಟ್ಟೇನಿಲ್ಲ, ಮರಳು ಬಿಟ್ಟಿ ಸಿಗುತ್ತಿತ್ತು.

ಈಗ ಅವರ ಮೊಮ್ಮಗ ಬೆಂಗಳೂರಿನ ಹೊರಗೊಂದು ಶೆಡ್ಡಿನಲ್ಲಿ ಡಮಾಸ್ಕಸ್ ಚಾಕು ಮಾಡುತ್ತಾನೆ. 1084 ಉಕ್ಕಿನ ಪಟ್ಟಿಗಳ ನಡುವೆ 15ಎನ್20 ಪೇರಿಸಿ, ಗ್ಯಾಸ್ ಕುಲುಮೆಯಲ್ಲಿ ಬೆಸೆಯುತ್ತಾನೆ. ಎರಡನೆಯದರಲ್ಲಿ ಶೇ. 2ರಷ್ಟು ನಿಕ್ಕಲ್ ಇದೆ. ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದಾಗ ಅದು ಹೊಳೆಯುತ್ತದೆ, ಉಳಿದದ್ದು ಕಪ್ಪಾಗುತ್ತದೆ. ಹಳೇ ಡಮಾಸ್ಕಸ್ಸಿಗೆ ಈ ಪೇರಿಸಾಟವೇ ಇರಲಿಲ್ಲ. ಅದು ಮೂಸೆಯಲ್ಲಿ ಕರಗಿಸಿದ ಉಕ್ಕು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್, ಮಾಗಡಿ ಕಡೆಯ ಅಂಥ ಉಕ್ಕಿನ ಕೆಲಸವನ್ನು ಬರೆದಿಟ್ಟಿದ್ದಾನೆ.

“ಅಜ್ಜನ ಮರಳು ಯಾಕಪ್ಪಾ ಬೇಡ?” ಎಂದೆ.

“ಅದು ಕಿಟ್ಟದ ಜತೆ ಕರಗೋಕೆ 1200 ಡಿಗ್ರಿ ಬೇಕು ಮಾವ. ಗಾಡಿಪಟ್ಟಿ ತಡ್ಕೊಳ್ತಿತ್ತು. ಇದರಲ್ಲಿ ಇಂಗಾಲ ಜಾಸ್ತಿ, ಅಷ್ಟು ಕಾಯಿಸಿದ್ರೆ ಕೆಡುತ್ತೆ.”

ಮರಳಿನ ಬದಲು ಅವನು ಹಾಕುವ ಬಿಳಿಗಾರ 743 ಡಿಗ್ರಿಗೇ ಕರಗಿ ಕಿಟ್ಟವನ್ನು ನುಂಗುತ್ತದೆ, ಗಾಳಿ ತಾಗದಂತೆ ಮುಚ್ಚುತ್ತದೆ. ಗ್ರಂದಿಗೆ ಅಂಗಡಿಯ ಬಿಳಿಗಾರದಲ್ಲಿ ನೀರಿನಂಶವಿದ್ದು, ಕಾದ ಉಕ್ಕಿನ ಮೇಲೆ ನೊರೆಯಾಗಿ ಉಬ್ಬಿ ಅರ್ಧ ಉದುರಿಹೋಗುತ್ತದೆ. ಅದಕ್ಕೇ ನೀರು ತೆಗೆದದ್ದನ್ನು ತರಿಸಿ ಬಿಗಿ ಮುಚ್ಚಳದಲ್ಲಿ ಇಡುತ್ತಾನೆ. ಅದೂ ಸಾಧು ಅಲ್ಲ. ಕರಗಿ ಕೆಳಗಿಳಿದದ್ದು ಕುಲುಮೆಯ ಸೆರಾಮಿಕ್ ಒಳಪದರವನ್ನು ತಿಂದು ಗುಂಡಿ ಮಾಡಿತ್ತು.

ಆದ್ದರಿಂದ ಇತ್ತೀಚೆಗೆ ಪಟ್ಟಿಗಳನ್ನು ಹೊಳೆಯುವಂತೆ ಉಜ್ಜಿ, ಅಂಚಿಗೆಲ್ಲ ವೆಲ್ಡ್ ಎಳೆದು, ಸೀಮೆಎಣ್ಣೆಯಲ್ಲಿ ಅದ್ದಿ ಕಾಯಿಸುತ್ತಾನೆ. ಒಳಗಿನ ಆಮ್ಲಜನಕವನ್ನು ಎಣ್ಣೆಯೇ ಉರಿದು ಮುಗಿಸುತ್ತದೆ. ಇದು ಶುದ್ಧ ಕೆಲಸ, ನನಗೆ ಹಿಡಿಸಿದ್ದೂ ಇದೇ. ಉಜ್ಜುವುದರಲ್ಲಿ ಸೋಮಾರಿತನ ಮಾಡಿದವನನ್ನು ಬಿಳಿಗಾರ ಸ್ವಲ್ಪ ಕಾಪಾಡೀತು, ಸೀಮೆಎಣ್ಣೆ ಕಾಪಾಡದು. ಕ್ರೋಮಿಯಂ ಇರುವ ಉಕ್ಕಿಗೆ ಬಿಳಿಗಾರಕ್ಕೆ ಫ್ಲೋರೈಟ್ ಬೆರೆಸುವವರಿದ್ದಾರೆ. ಆ ಹೊಗೆ ಶ್ವಾಸಕೋಶಕ್ಕೆ ವಿಷ, ಇವನು ಮುಟ್ಟುವುದಿಲ್ಲ.

ಬಡಿದ ಗಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ತಣಿಯುವುದನ್ನು ನೋಡುತ್ತಾನೆ. ಎಲ್ಲಿ ಬೇಗ ಕಪ್ಪಾಯಿತೋ ಅಲ್ಲಿ ಪದರ ಬಿಟ್ಟಿದೆ. ಅಲ್ಲಿಗೆ ಬಿಳಿಗಾರ ಸುರಿದು ಮತ್ತೆ ಕಾಯಿಸಿದರೆ ಕೆಲವೊಮ್ಮೆ ಕೂಡಿಕೊಳ್ಳುತ್ತದೆ. ಇಲ್ಲವಾದರೆ ಗರಗಸದಲ್ಲಿ ಆ ತುಂಡು ಕತ್ತರಿಸಿ ಗುಜರಿ ಡಬ್ಬಕ್ಕೆ ಹಾಕುತ್ತಾನೆ.