ಘಟ್ಟ ಹತ್ತಿದ ವಿಲ್ಲಿಸ್

ಕಾರವಾರದಿಂದ ಅಂಕೋಲೆಗೆ ಹೆಚ್ಚೆಂದರೆ 35 ಕಿ.ಮೀ. ಬೈತಖೋಲದ ಬಂದರನ್ನು ಹಿಂದೆ ಹಾಕಿ ಹೊರಟರೆ ಬಿಣಗಾ, ಅರಗಾ, ಅಮದಳ್ಳಿ, ಅವರ್ಸಾ ಎಂದು ಊರುಗಳು ಒಂದರ ಹಿಂದೊಂದು ಸರಿಯುತ್ತವೆ. ಬಲಕ್ಕೆ ಕಡಲು, ಎಡಕ್ಕೆ ಸಹ್ಯಾದ್ರಿಯ ಕಾಲುಗಳು. ನಡುವಿನ ಕಿರಿದಾದ ಪಟ್ಟಿಯಲ್ಲಿ ಗದ್ದೆ, ತೆಂಗು, ಹೆದ್ದಾರಿ, ರೈಲು, ನೌಕಾನೆಲೆಯ ಉದ್ದನೆಯ ಗೋಡೆ ಎಲ್ಲವೂ ಒತ್ತಿಕೊಂಡು ಕೂತಿವೆ. ಚತುಷ್ಪಥವಾದ ಮೇಲೆ ಇದು ಮುಕ್ಕಾಲು ತಾಸಿನ ದಾರಿ. ಹೊಸ ಹೊಸ ಕಾರುಗಳು ಸುಂಯ್ಯನೆ ಹೋಗುತ್ತವೆ, ಯಾವುದು ಯಾವ ಕಂಪನಿಯದು ಎಂದು ಗುರುತಿಸುವಷ್ಟರಲ್ಲಿ ತಿರುವು ದಾಟಿರುತ್ತವೆ.

ಅಂಕೋಲೆ ಮುಟ್ಟಿ, ಗಂಗಾವಳಿಯ ಎರಡೂ ದಂಡೆಗಳ ಒಳನಾಡಿಗೆ, ಅಂದರೆ ಡೋಂಗ್ರಿ, ಹಿಲ್ಲೂರು, ಅಚವೆಗಳ ಕಡೆಗೆ ಹೊರಳಿದರೆ ನೋಟವೇ ಬೇರೆ. ಡಾಂಬರು ಮುಗಿದು ಕೆಂಪು ಮಣ್ಣು ಶುರುವಾಗುವ ಕಡೆ, ಹಲಸಿನ ಮರದ ಬುಡದಲ್ಲಿ, ತಾಡಪತ್ರಿ ಹೊದ್ದುಕೊಂಡ ಒಂದು ಹಳೆಯ ಜೀಪು ನಿಂತಿರುತ್ತದೆ. ಎತ್ತರದ ಚೌಕಾಕಾರದ ಬಾನೆಟ್, ಎರಡು ಗುಂಡು ಕಣ್ಣು, ನಡುವೆ ಉದ್ದುದ್ದ ಸೀಳಿನ ಮುಖ. ಶಾಲೆಯ ಮಕ್ಕಳಿಗೆ ಚಿತ್ರ ಬರೆಯಲು ಇದಕ್ಕಿಂತ ಸುಲಭದ ವಾಹನ ಇನ್ನೊಂದಿಲ್ಲ. ಮೂರು ಗೆರೆ, ಎರಡು ಸೊನ್ನೆ ಹಾಕಿದರೆ ಜೀಪು ಆಯಿತು!

ಈ ಮುಖ ಹುಟ್ಟಿದ್ದು ಅಮೆರಿಕದ ಒಹಾಯೊ ರಾಜ್ಯದ ಟೊಲಿಡೊ ಎಂಬ ಊರಿನಲ್ಲಿ. ಅದನ್ನು ಹುಟ್ಟಿಸಿದ ಕಂಪನಿಯ ಹೆಸರು ವಿಲ್ಲಿಸ್-ಓವರ್‌ಲ್ಯಾಂಡ್. ಆ ಹೆಸರು ಅಮೆರಿಕದಲ್ಲಿ ಅಳಿದು 60 ವರ್ಷಗಳ ಮೇಲಾಯಿತು. ಅದು ಬಿಟ್ಟುಹೋದ ಗಾಡಿ ಮಾತ್ರ ನಮ್ಮ ಘಟ್ಟದ ಬುಡದಲ್ಲಿ ಅಡಿಕೆ ಮೂಟೆ, ಬಸುರಿ ಹೆಂಗಸರು, ಪರೀಕ್ಷೆಗೆ ಹೊರಟ ಮಕ್ಕಳು ಎಲ್ಲರನ್ನೂ ಹೊತ್ತು ತಿರುಗಿತು. ಈಗ ಅದಕ್ಕೂ ಕೊನೆಗಾಲ ಬಂದಿದೆ.

ವಿಲ್ಲಿಸ್ ಕತೆ ಒಂದು ಸಿನಿಮಾಕ್ಕೆ ಸಾಕಾಗುವಷ್ಟಿದೆ. ಜಾನ್ ನಾರ್ತ್ ವಿಲ್ಲಿಸ್ ಮೊದಲು ಕಾರು ತಯಾರಕನಲ್ಲ, ಕಾರು ಮಾರುವ ವ್ಯಾಪಾರಿ. ಓವರ್‌ಲ್ಯಾಂಡ್ ಎಂಬ ಚಿಕ್ಕ ಕಂಪನಿಗೆ ಮುಂಗಡ ಕೊಟ್ಟು ಕಾರುಗಳಿಗಾಗಿ ಕಾದು ಕೂತಿದ್ದ. 1907ರ ಕೊನೆಯಲ್ಲಿ ಕಾರೂ ಬರಲಿಲ್ಲ, ಉತ್ತರವೂ ಬರಲಿಲ್ಲ. ರೈಲು ಹತ್ತಿ ಇಂಡಿಯಾನಾಪೊಲಿಸ್‌ಗೆ ಹೋಗಿ ನೋಡಿದರೆ ಕಂಪನಿಯಲ್ಲಿ ಕೂಲಿ ಬಟವಾಡೆಗೂ ದುಡ್ಡಿಲ್ಲ! ತಾನು ಇಳಿದುಕೊಂಡಿದ್ದ ಹೋಟೆಲಿನವರನ್ನು ಒಪ್ಪಿಸಿ, ತನ್ನ ಚೆಕ್ಕಿಗೆ ಬದಲಾಗಿ ನಗದು ಪಡೆದು ಕೆಲಸಗಾರರ ಪಗಾರ ಕೊಟ್ಟನಂತೆ. ಮುಂದೆ ಕಂಪನಿಯೇ ಅವನದಾಯಿತು. 1909ರಲ್ಲಿ ಟೊಲಿಡೊಗೆ ಬಂತು. 1912ರಿಂದ 1918ರ ವರೆಗೆ ಅಮೆರಿಕದಲ್ಲಿ ಫೋರ್ಡ್ ಬಿಟ್ಟರೆ ಅತಿ ಹೆಚ್ಚು ಕಾರು ಮಾರಿದ್ದು ವಿಲ್ಲಿಸ್-ಓವರ್‌ಲ್ಯಾಂಡ್. ಆಮೇಲೆ ಬಂದದ್ದು 1929ರ ಮಹಾ ಕುಸಿತ. ವಿಲ್ಲಿಸ್ ಸ್ವತಃ 1930ರಲ್ಲಿ ಪೋಲೆಂಡಿಗೆ ಅಮೆರಿಕದ ರಾಯಭಾರಿಯಾಗಿ ಹೋಗಿದ್ದ. ಮರಳಿ ಬರುವಷ್ಟರಲ್ಲಿ ಮನೆಗೆ ಬೆಂಕಿ ಬಿದ್ದಿತ್ತು. 1933ರಲ್ಲಿ ಕಂಪನಿ ದಿವಾಳಿಯಾಯಿತು, 1935ರಲ್ಲಿ ಅವನು ತೀರಿಕೊಂಡ. ಜೀಪನ್ನು ಅವನು ನೋಡಲೇ ಇಲ್ಲ.

1940ರಲ್ಲಿ ಅಮೆರಿಕದ ಸೈನ್ಯಕ್ಕೆ ಒಂದು ಹಗುರ ಗಾಡಿ ಬೇಕಾಯಿತು. ನಾಲ್ಕೂ ಚಕ್ರ ಎಳೆಯಬೇಕು, ಕೆಸರಿಗೆ ಹೆದರಬಾರದು. 135 ಕಂಪನಿಗಳಿಗೆ ಕರೆ ಹೋಯಿತು. ಮೊದಲು ಗಾಡಿ ಮಾಡಿ ತೋರಿಸಿದ್ದು ಬ್ಯಾಂಟಮ್ ಎಂಬ ಪುಟ್ಟ ಕಂಪನಿ. ಆದರೆ ಸಾವಿರಾರು ಗಾಡಿ ಮಾಡಿಕೊಡುವ ತಾಕತ್ತು ಅದಕ್ಕಿಲ್ಲವೆಂದು ಸೈನ್ಯ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳನ್ನೂ ಒಳಕ್ಕೆ ಕರೆಯಿತು. (ಬ್ಯಾಂಟಮ್‌ಗೆ ಅನ್ಯಾಯವಾಯಿತೆಂದು ವಾದಿಸುವವರು ಇಂದಿಗೂ ಇದ್ದಾರೆ, ಅವರ ಮಾತು ಸುಳ್ಳಲ್ಲ.) ವಿಲ್ಲಿಸ್ ಬಳಿ ಇದ್ದ ಒಂದೇ ಆಸ್ತಿ ಮುಖ್ಯ ಎಂಜಿನಿಯರ್ ಬಾರ್ನಿ ರೂಸ್ ತಿದ್ದಿ ತೀಡಿದ್ದ 60 ಅಶ್ವಶಕ್ತಿಯ ಎಂಜಿನ್. ಆದರೆ ಅದು ಭಾರ. ತೂಕ 2160 ಪೌಂಡು ಮೀರಬಾರದು ಎಂಬುದು ಸೈನ್ಯದ ಹಟ. ರೂಸ್ ಗಾಡಿಯನ್ನು ಪೂರ್ತಿ ಬಿಚ್ಚಿಸಿ, ಒಂದೊಂದು ಬೋಲ್ಟನ್ನೂ ತೂಗಿ, ಉದ್ದ ಹೆಚ್ಚಾದದ್ದನ್ನು ಕತ್ತರಿಸಿ, ಕೊನೆಗೆ ಬಣ್ಣದ ತೂಕವನ್ನೂ ಲೆಕ್ಕ ಹಾಕಿದನೆಂದು ಹೇಳುತ್ತಾರೆ. ಯುದ್ಧ ಮುಗಿಯುವಷ್ಟರಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದ್ದವು. ದಿವಾಳಿಯೆದ್ದ ಕಂಪನಿಯ ಗಾಡಿ ಜಗತ್ತನ್ನೇ ಸುತ್ತಿತು. ಜೀಪ್ ಎಂಬ ಹೆಸರು 'ಜಿ.ಪಿ.' ಎಂಬ ಅಕ್ಷರಗಳಿಂದ ಬಂತೆನ್ನುವವರಿದ್ದಾರೆ, 1936ರ ಪೊಪಾಯ್ ಚಿತ್ರಕತೆಯಲ್ಲಿ ಬರುವ ವಿಚಿತ್ರ ಪ್ರಾಣಿಯಿಂದ ಬಂತೆನ್ನುವವರೂ ಇದ್ದಾರೆ. ಜಗಳ ಇನ್ನೂ ತೀರಿಲ್ಲ.

ಭಾರತಕ್ಕೆ ಅದು ಬಂದ ದಾರಿಯೂ ಸ್ವಾರಸ್ಯದ್ದೇ. ಯುದ್ಧಕಾಲದಲ್ಲಿ ಕೆ.ಸಿ. ಮಹೀಂದ್ರ ಅವರು ಭಾರತದ ಸರಬರಾಜು ನಿಯೋಗದ ಮುಖ್ಯಸ್ಥರಾಗಿ ಅಮೆರಿಕದಲ್ಲಿದ್ದರು. ಅಲ್ಲಿ ಬಾರ್ನಿ ರೂಸ್‌ನ ಭೇಟಿಯಾಯಿತು. ರಸ್ತೆಯೇ ಇಲ್ಲದ ತಮ್ಮ ದೇಶಕ್ಕೆ ಇದೇ ತಕ್ಕ ಗಾಡಿ ಎಂದು ಅವರಿಗೆ ಹೊಳೆಯಿತು. 1945ರಲ್ಲಿ ಹುಟ್ಟಿದ ಕಂಪನಿಯ ಹೆಸರು ಮಹೀಂದ್ರ ಆ್ಯಂಡ್ ಮೊಹಮ್ಮದ್. ಪಾಲುದಾರ ಗುಲಾಮ್ ಮೊಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ, 1951ರಲ್ಲಿ ಅಲ್ಲಿನ ಗವರ್ನರ್ ಜನರಲ್ಲೇ ಆದರು. ಇಲ್ಲಿ ಕಂಪನಿಯ ಹೆಸರು 1948ರಲ್ಲಿ ಮಹೀಂದ್ರ ಆ್ಯಂಡ್ ಮಹೀಂದ್ರ ಆಯಿತು. ಬಿಡಿಭಾಗ ತರಿಸಿ ಜೋಡಿಸುವ ಕೆಲಸ 1947ರಲ್ಲೇ ಶುರುವಾಗಿತ್ತು.

ಆಗ ಕಾರವಾರ ಇದ್ದದ್ದು ಮುಂಬಯಿ ರಾಜ್ಯದಲ್ಲಿ. 1956ರ ನವೆಂಬರ್ 1ರ ತನಕ ಉತ್ತರ ಕನ್ನಡ ಜಿಲ್ಲೆಯ ಸರಕಾರಿ ಕಾಗದಪತ್ರ, ಬಡ್ತಿ, ವರ್ಗಾವಣೆ ಎಲ್ಲ ಮುಂಬಯಿಯಿಂದಲೇ. ಉತ್ತರಕ್ಕೆ ಮಾಜಾಳಿ ದಾಟಿದರೆ ಪೋರ್ತುಗೀಸರ ಗೋವಾ, 1961ರ ಡಿಸೆಂಬರಿನ ವರೆಗೂ ಅದು ಪರದೇಶ! ದಕ್ಷಿಣಕ್ಕೆ ಹೋಗೋಣವೆಂದರೆ ಕರಾವಳಿ ರಸ್ತೆ ಅಖಂಡವಾಗಿರಲಿಲ್ಲ. ಗಂಗಾವಳಿ, ಅಘನಾಶಿನಿ, ಶರಾವತಿ ಎಂದು ಒಂದೊಂದು ಹೊಳೆಯ ದಂಡೆಯಲ್ಲೂ ರಸ್ತೆ ತುಂಡಾಗುತ್ತಿತ್ತು. ವಾಹನವನ್ನು ಜಂಗಲ್ ಮೇಲೆ ಏರಿಸಿ, ಭರತ-ಇಳಿತ ನೋಡಿಕೊಂಡು ಆಚೆ ದಡ ಮುಟ್ಟಿಸಬೇಕು. ಲಾರಿ ಅಂದರೆ ಅಂಬಿಗರಿಗೆ ಸಂಕಟ. ಒಂದು ಟನ್ನಿನ ಆಸುಪಾಸಿನ ಜೀಪು ಅಂದರೆ ಹಗುರ ಕೆಲಸ. ಟೊಲಿಡೊದಲ್ಲಿ ರೂಸ್ ಬೋಲ್ಟು ಕತ್ತರಿಸಿ ಉಳಿಸಿದ ತೂಕದ ಲಾಭ ಸಿಕ್ಕಿದ್ದು ಗಂಗಾವಳಿಯ ಜಂಗಲ್ಲಿಗೆ ಎಂದರೆ ತಪ್ಪಿಲ್ಲ.

ಜಿಲ್ಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಕಾಡು. ಅರಣ್ಯ ಇಲಾಖೆಗೆ, ಕಂದಾಯದವರಿಗೆ, ಪೊಲೀಸರಿಗೆ, ಚುನಾವಣೆಯ ಮತಪೆಟ್ಟಿಗೆಗೆ ಜೀಪೇ ಗತಿ. ಆದ್ದರಿಂದ ಹಳ್ಳಿಯ ಕಣ್ಣಿಗೆ ಜೀಪು ಎಂದರೆ ಸರಕಾರ. ಅದರಲ್ಲೂ ಈ ಎರಡು ತಾಲೂಕುಗಳಲ್ಲಿ ಆ ಗಾಡಿಯ ನೆನಪು ಬರೀ ಸಿಹಿಯಲ್ಲ. ಜೀಪಿನಿಂದ ಇಳಿದವರ ಕೈಯಲ್ಲಿ ಅಳತೆಯ ಸರಪಳಿ, ದುರ್ಬೀನು ಇದ್ದರೆ ಜನರ ಎದೆ ಧಸಕ್ಕೆನ್ನುತ್ತಿತ್ತು. 1986ರಲ್ಲಿ ಅರಗಾದಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಮೀನಿನ ದಡ ಬಿಟ್ಟು ಏಳಬೇಕಾಯಿತು. ಅತ್ತ ಕಾಳಿಯ ದಂಡೆಯಲ್ಲಿ ಕೈಗಾ ಅಣುಸ್ಥಾವರ, ಕದ್ರಾ ಅಣೆಕಟ್ಟು. 1990ರ ದಶಕದಲ್ಲಿ ಕೊಂಕಣ ರೈಲು. ಎಲ್ಲದಕ್ಕೂ ಮೊದಲು ರಸ್ತೆಯಿಲ್ಲದ ಗುಡ್ಡಕ್ಕೆ ಅಳತೆಯವರನ್ನು ಹೊತ್ತೊಯ್ಯಲು ಬೇಕಾದದ್ದು ಇಂಥ ಗಾಡಿಯೇ. ನಿರಾಶ್ರಿತರ ಹಕ್ಕಿಗಾಗಿ ಓಡಾಡಿದವರಿಗೂ ಬೇಕಾದದ್ದು ಇದೇ. ಯಂತ್ರಕ್ಕೆ ಪಕ್ಷವಿಲ್ಲ ನೋಡಿ.

ಸರಕಾರದ ಹರಾಜಿನಲ್ಲಿ ಹಳೆ ಜೀಪುಗಳು ಖಾಸಗಿಯವರ ಕೈಗೆ ಬಂದ ಮೇಲೆ ಅವುಗಳ ಎರಡನೆಯ ಜನ್ಮ. ಎಂಟು ಮಂದಿಯ ಜಾಗದಲ್ಲಿ ಹದಿನೈದು ಮಂದಿ, ಮೇಲೆ ಬಾಳೆಗೊನೆ, ಹಿಂದೆ ಜೋತುಬಿದ್ದ ಕಾಲೇಜು ಹುಡುಗರು. ಕಾನೂನಿನ ಪ್ರಕಾರ ತಪ್ಪು, ಆದರೆ ಬಸ್ಸು ಬಾರದ ಊರಿನ ತಾಯಿತಂದೆಯರು ಮಕ್ಕಳನ್ನು ಹತ್ತನೆಯ ತರಗತಿಯ ಆಚೆಗೆ ಓದಿಸಿದ್ದು ಹೀಗೆಯೇ.

ಅಂಕೋಲೆಯ ಒಂದು ಗ್ಯಾರೇಜಿನಲ್ಲಿ ಮೂರು ಜೀಪು ಬಿಚ್ಚಿಟ್ಟುಕೊಂಡು ಕೂತಿದ್ದ ಹಿರಿಯ ಮೇಸ್ತ್ರಿಯನ್ನು ಮಾತಾಡಿಸಿದೆ. ಬಾನೆಟ್ ಯಾಕೆ ಅಷ್ಟು ಎತ್ತರ ಎಂದು ಕೇಳಿದ್ದಕ್ಕೆ, "ಒಳಗಿನ ಎಂಜಿನ್ನೇ ಎತ್ತರ ಮಾರಾಯ್ರೆ, ಅದರ ವಾಲ್ವು ತಲೆ ಮೇಲೆ ಕೂತದೆ" ಎಂದರು. ಅವರ ಮಾತು ಸರಿ. 1953ರಲ್ಲಿ ವಿಲ್ಲಿಸ್ ಕಂಪನಿ ಸಿ.ಜೆ.-3ಬಿ ಎಂಬ ಮಾದರಿಗೆ 'ಹರಿಕೇನ್' ಎಂಬ ಹೊಸ ಎಂಜಿನ್ ಕೂರಿಸಿತು. ಅದರ ಗಾಳಿ ಒಳಬರುವ ವಾಲ್ವುಗಳು ಮೇಲ್ಗಡೆ ಇದ್ದುದರಿಂದ ಎಂಜಿನ್ ಉದ್ದವಾಯಿತು. ಹೊಸ ವಿನ್ಯಾಸಕ್ಕೆ ದುಡ್ಡು ಸುರಿಯುವ ಬದಲು ಬಾನೆಟ್ಟನ್ನೇ ಎತ್ತರಿಸಿಬಿಟ್ಟರು. ಅಮೆರಿಕದಲ್ಲಿ ಅದನ್ನು ಕುರೂಪಿ ಎಂದವರೇ ಹೆಚ್ಚು. ಆದರೆ ಮಹೀಂದ್ರ ಕೈಹಿಡಿದದ್ದು ಆ ಕುರೂಪಿಯನ್ನೇ. ಮುಂದೆ ಡೀಸೆಲ್ ಎಂಜಿನ್ ಕೂರಿಸಲು ಆ ಎತ್ತರದ ಜಾಗ ವರವಾಯಿತು. ಆ ವಂಶದ ಗಾಡಿಗಳು ಇಲ್ಲಿ 2010ರ ವರೆಗೂ ತಯಾರಾದವು.

ಅಷ್ಟರಲ್ಲಿ ಮೂಲ ಮನೆಯಲ್ಲಿ ಏನಾಗಿತ್ತು? 1953ರಲ್ಲೇ ವಿಲ್ಲಿಸ್ ಕಂಪನಿಯನ್ನು ಕೈಸರ್ ಕೊಂಡಿತ್ತು. 1963ರಲ್ಲಿ ವಿಲ್ಲಿಸ್ ಎಂಬ ಹೆಸರನ್ನೇ ತೆಗೆದು ಕೈಸರ್-ಜೀಪ್ ಎಂದಿಟ್ಟರು. 1970ರಲ್ಲಿ ಅಮೆರಿಕನ್ ಮೋಟರ್ಸ್, 1987ರಲ್ಲಿ ಕ್ರೈಸ್ಲರ್, ಆಮೇಲೆ ಫಿಯಟ್ ಜೊತೆ ಸಂಬಂಧ. ಜೀಪ್ ಬೆಳೆಯಿತು, ವಿಲ್ಲಿಸ್ ಮುಳುಗಿತು. ಮಕ್ಕಳೇ ಅಪ್ಪನನ್ನು ಮನೆಯಿಂದ ಹೊರಗೆ ಹಾಕಿದ ಹಾಗೆ. 2018ರಲ್ಲಿ ಇನ್ನೂ ಒಂದು ತಮಾಷೆ ನಡೆಯಿತು. ಮಹೀಂದ್ರದವರು ಅದೇ ಹಳೆಯ ಚಹರೆಯ 'ರಾಕ್ಸರ್' ಗಾಡಿಯನ್ನು ಅಮೆರಿಕದಲ್ಲೇ ಮಾರಲು ಹೋದಾಗ, ಇದು ನಮ್ಮ ಮುಖದ ನಕಲು ಎಂದು ಜೀಪ್ ಕಂಪನಿ ದೂರು ಕೊಟ್ಟಿತು. 2020ರಲ್ಲಿ ಆ ರೂಪದ ಮಾರಾಟಕ್ಕೆ ಅಲ್ಲಿ ತಡೆ ಬಿತ್ತು, ಮುಖ ಬದಲಿಸಿದ ಮೇಲಷ್ಟೇ ಬಿಡುಗಡೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸಾಕಿದ ಮುಖ ಸಾಕಿದವರದೋ ಹೆತ್ತವರದೋ ಎಂಬ ತಕರಾರು ನನಗಂತೂ ಸುಲಭದ್ದೆಂದು ತೋರುವುದಿಲ್ಲ.

ನಮ್ಮಲ್ಲಿ ಜೀಪನ್ನು ಸೋಲಿಸಿದ್ದು ಯಾವ ಕೋರ್ಟೂ ಅಲ್ಲ, ಒಳ್ಳೆಯ ರಸ್ತೆ. ಡಾಂಬರು ಬಂದ ಕಡೆಗೆಲ್ಲ ರಿಕ್ಷಾ, ಟೆಂಪೋ, ಸಣ್ಣ ಕಾರು ಬಂದವು. ಅವುಗಳ ಮುಂದೆ ಜೀಪು ಎಣ್ಣೆ ಕುಡಿಯುವ, ಬೆನ್ನು ಮುರಿಯುವ ಮುದುಕ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರು-ಜೀಪುಗಳ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 5000 ಆಯಿತು. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿಯೇ ರದ್ದು. ಹಾಗಾಗಿ ಹರಾಜಿನಿಂದ ಹಳ್ಳಿಗೆ ಬರುತ್ತಿದ್ದ ಹಾದಿಯೂ ಮುಚ್ಚಿತು. ಹೊಗೆ, ಅಪಘಾತಗಳ ಲೆಕ್ಕ ಹಿಡಿದರೆ ನಿಯಮ ಸರಿಯೇ. ಆದರೆ ಬದಲಿಗೆ ಏನು? 2020ರಲ್ಲಿ ಹೊಸ ಥಾರ್ ಬಂದಾಗಲೇ ಅದರ ಆರಂಭದ ಬೆಲೆ ಸುಮಾರು 10 ಲಕ್ಷ. ಕೂರುವವರು ನಾಲ್ಕೈದು ಮಂದಿ. ಅದು ಗೋಕರ್ಣಕ್ಕೆ ಬರುವ ಪ್ರವಾಸಿಗರ ಗಾಡಿ. ಬಾಡಿಗೆ ಹೊಡೆದು ಸಾಲ ತೀರಿಸುವವರ ಗಾಡಿಯಲ್ಲ.

ರಸ್ತೆಯ ಮೇಲೆ ಪೂರ್ತಿ ನಂಬಿಕೆ ಇಡುವಂಥ ನೆಲವೂ ಇದಲ್ಲ. 2019 ಮತ್ತು 2021ರ ನೆರೆಗಳಲ್ಲಿ ಗಂಗಾವಳಿ ತನ್ನ ದಂಡೆಯ ಊರುಗಳ ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಅಗಲಿಸಿದ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜನ ಸತ್ತರು, ವಾಹನಗಳು ಹೊಳೆ ಸೇರಿದವು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ಹಳೆ ಸೇತುವೆ ಮುರಿದು ಬಿತ್ತು. ಕೆಳಗೆ ಬಿದ್ದ ಲಾರಿಯ ಚಾಲಕನನ್ನು ರಾತ್ರಿಯಲ್ಲೇ ಬದುಕಿಸಿ ತಂದರು. ಹೆದ್ದಾರಿಯ ಗತಿಯೇ ಹೀಗಾದರೆ ಗುಡ್ಡದ ಮೇಲಿನ ಮಜರೆಗೆ ಹೋಗುವ ಮಣ್ಣು ದಾರಿಯ ಮಾತೇನು? ಜೂನ್ ತಿಂಗಳಲ್ಲಿ ಅಲ್ಲಿಗೆ ರಿಕ್ಷಾ ಹತ್ತುವುದಿಲ್ಲ. ರೋಗಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತರಬೇಕು, ಇಲ್ಲವೇ ಊರಿನ ಕೊನೆಯ ಜೀಪಿಗೆ ಹೇಳಿಕಳಿಸಬೇಕು.

ಗ್ಯಾರೇಜಿನ ಮೇಸ್ತ್ರಿಯ ಬಳಿ ಈಗ ಹೊಸ ಗಿರಾಕಿಗಳು ಬರುತ್ತಾರೆ. ಬೆಂಗಳೂರು, ಪುಣೆ ಕಡೆಯ ಹುಡುಗರು. ಘಟ್ಟದ ಊರುಗಳಲ್ಲಿ ಹಳೆ ಜೀಪು ಎಲ್ಲಿದೆ ಎಂದು ಹುಡುಕಿ, ಕೊಂಡು, ಹಸಿರು ಬಣ್ಣ ಬಳಿಸಿ, ಬಾನೆಟ್ಟಿನ ಪಕ್ಕಕ್ಕೆ 'ವಿಲ್ಲಿಸ್' ಎಂದು ಬರೆಸಿ ಭಾನುವಾರದ ತಿರುಗಾಟಕ್ಕೆ ಇಟ್ಟುಕೊಳ್ಳುವವರು. ಒಳ್ಳೆ ದುಡ್ಡೂ ಕೊಡುತ್ತಾರೆ. ಬಿಚ್ಚಿಟ್ಟ ಮೂರರಲ್ಲಿ ಎರಡು ಹಾಗೆ ಮಾರಾಟವಾದವೇ. ಮೂರನೆಯದಕ್ಕೆ ಗೇರುಬಾಕ್ಸಿನ ಕೆಲಸ ನಡೆದಿತ್ತು. ಅದರ ಮಾಲೀಕರಿಗೂ ಕೇಳಿಕೆ ಬಂದಿದೆಯಂತೆ. "ಅಡಿಕೆ ಕೊಯ್ಲು ಮುಗೀಲಿ, ಆಮೇಲೆ ನೋಡ್ವ" ಎಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದಾರೆ.