ಗುಲ್ಮಾರ್ಗಕ್ಕೆ ಮಕ್ಕಳನ್ನು ಕರೆದುಕೊಂಡು

ನಮ್ಮ ಕಾಸರಗೋಡಿನಲ್ಲಿ ಚಳಿ ಎಂದರೆ ಡಿಸೆಂಬರಿನ ಬೆಳಗಿನ ಜಾವ ಫ್ಯಾನ್ ನಿಲ್ಲಿಸುವುದು, ಅಷ್ಟೆ. ಅಂಥ ಊರಿನಲ್ಲಿ ಬೆಳೆದ ನನ್ನ ಆರು ವರ್ಷದ ಮಗ ಟಿ.ವಿ.ಯಲ್ಲಿ ಸ್ಕೀ ಆಟ ನೋಡಿ, "ಪಪ್ಪಾ, ನಾವೂ ಹೀಗೆ ಜಾರುವ" ಎಂದ. ಒಂಬತ್ತು ವರ್ಷದ ಅಕ್ಕನೂ ದನಿಗೂಡಿಸಿದಳು.

ಮೊದಲ ತೊಡಕು ರಜೆಯದ್ದು. ಶಾಲೆಗೆ ದೊಡ್ಡ ರಜೆ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಗುಲ್ಮಾರ್ಗದ ಬಯಲಿನಲ್ಲಿ ಹುಲ್ಲು ಚಿಗುರುತ್ತಿರುತ್ತದೆ. ಕ್ರಿಸ್ಮಸ್ ರಜೆಗೆ ಹೋದರೆ ಹಿಮ ಬಿದ್ದರೆ ಬಿದ್ದೀತು, ಇಲ್ಲದಿದ್ದರೆ ಇಲ್ಲ. ಕೊನೆಗೆ ಶಾಲೆಯಲ್ಲಿ ರಜೆ ಕೇಳಿ 2024ರ ಜನವರಿಗೆ ವಿಮಾನದ ಟಿಕೆಟ್ ಮಾಡಿಸಿದೆ. ಆ ಜನವರಿಯಲ್ಲಿ ಅಲ್ಲಿ ಹಿಮವೇ ಇಲ್ಲ! ಪತ್ರಿಕೆಯಲ್ಲಿ ಬಂದ ಒಣ ಹುಲ್ಲಿನ ಚಿತ್ರ ನೋಡಿ ಮಗಳು ಆ ರಾತ್ರಿ ಊಟ ಮಾಡಲಿಲ್ಲ. ಒಂದಷ್ಟು ಹಣ ಕಳೆದುಕೊಂಡು ಪ್ರಯಾಣವನ್ನು ಫೆಬ್ರವರಿ ಎರಡನೇ ವಾರಕ್ಕೆ ಬದಲಿಸಿದೆವು. ನೀವು ಹೋಗುವುದಾದರೆ ದಿನ ಬದಲಿಸಬಹುದಾದ ಟಿಕೆಟನ್ನೇ ಕೊಳ್ಳಿರಿ. ನಾನು ಅಗ್ಗದ್ದಕ್ಕೆ ಆಸೆಪಟ್ಟು ಕೆಟ್ಟೆ.

ಶ್ರೀನಗರದಲ್ಲಿ ಒಂದು ರಾತ್ರಿ ತಂಗಿ ಮರುದಿನ ಹೊರಟೆವು. ಸುಮಾರು 50 ಕಿ.ಮೀ. ದಾರಿ. ತಂಗ್‌ಮಾರ್ಗ್ ದಾಟಿದ ಮೇಲೆ ಟಯರಿಗೆ ಸರಪಳಿ ಕಟ್ಟಿದ ವಾಹನವೇ ಬೇಕು. ಗುಲ್ಮಾರ್ಗ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಮೊದಲ ದಿನ ಮಕ್ಕಳನ್ನು ಓಡಾಡಿಸಲಿಲ್ಲ. 1902ರಲ್ಲಿ ಕಟ್ಟಿದ ಸಂತ ಮೇರಿಯ ಇಗರ್ಜಿಯನ್ನು ನೋಡಿ ಬಂದೆವು, ಮಾಡು ಪೂರ್ತಿ ಬೆಳ್ಳಗೆ.

ಸ್ಕೀ, ಬೂಟು, ಕೋಟು ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಚಳಿಯೆಂದು ನಾನು ಮಗನಿಗೆ ಎರಡು ಜೊತೆ ಕಾಲುಚೀಲ ತೊಡಿಸಿದ್ದೆ. ಬೂಟು ಬಿಗಿಯಾಗಿ ಕಾಲು ಮರಗಟ್ಟಿ, "ಮನೆಗೆ ಹೋಗುವ" ಎಂದು ಅಳತೊಡಗಿದ. ಕಲಿಸುವವನು ಒಂದು ಜೊತೆ ಬಿಚ್ಚಿಸಿದ, ಅಳು ನಿಂತಿತು. ದಪ್ಪ ಉಣ್ಣೆಯದ್ದು ಒಂದೇ ಜೊತೆ ಸಾಕು. ಕೈಗವಸು ಮಾತ್ರ ಎರಡು ಜೊತೆ ಇರಲಿ, ಒಂದು ಒದ್ದೆಯಾಗಿಯೇ ಆಗುತ್ತದೆ. ಕಲಿಸುವವನ ಕೂಲಿಯನ್ನೂ ಜಾರುಬಂಡಿಯವನ ಕೂಲಿಯನ್ನೂ ಮೊದಲೇ ಮಾತಾಡಿಕೊಳ್ಳಿರಿ.

ಮೊದಲ ಪಾಠ ಬೀಳುವುದು, ಏಳುವುದು. ಎರಡನೆಯದು ಸ್ಕೀಗಳ ಮುಂತುದಿ ಹತ್ತಿರ ತಂದು ಹಿಂಬದಿ ಅಗಲಿಸಿ ನಿಲ್ಲುವುದು. ಬೆಳಿಗ್ಗೆ ಎರಡು ಗಂಟೆಗಿಂತ ಹೆಚ್ಚು ಆರು ವರ್ಷದವನಿಗೆ ಆಗುವುದಿಲ್ಲ.

ಮೂರನೇ ದಿನ ಗೊಂಡೊಲ ಹತ್ತಿದೆವು. ಮೊದಲ ಹಂತ ಕೊಂಗ್ದೂರಿ. ಎರಡನೆಯದು 4,000 ಮೀಟರಿಗೆ ಹತ್ತಿರವಿರುವ ಅಫರ್ವತ್. ಇಷ್ಟು ದೂರ ಬಂದು ಮೇಲೆ ಹೋಗದಿರುವುದೇ ಎಂದು ನಾನು ಹಠ ಹಿಡಿದೆ. ಮಗನಿಗೆ ಆಗಲೇ ತಲೆನೋವು. ಹೆಂಡತಿ, "ನೀವು ಬೇಕಾದರೆ ಹೋಗಿ, ಮಕ್ಕಳು ಬರುವುದಿಲ್ಲ" ಎಂದಳು. ಮುನಿಸಿಕೊಂಡೇ ಕೆಳಗಿಳಿದೆ. ಇಳಿದ ಮೇಲೆ ಮಗನ ತಲೆನೋವು ಹೋಯಿತು, ನನ್ನ ಮುನಿಸು ಸಂಜೆಯವರೆಗೂ ಇತ್ತು. ಊರಿಗೆ ಮರಳಿದ ಬಳಿಕ, ಫೆಬ್ರವರಿ 22ರಂದು, ಗುಲ್ಮಾರ್ಗದ ಮೇಲಿನ ಇಳಿಜಾರಿನಲ್ಲಿ ಹಿಮ ಕುಸಿದು ವಿದೇಶಿ ಸ್ಕೀಯರ್ ಒಬ್ಬ ಸತ್ತ ಸುದ್ದಿ ಓದಿದೆ. ಪತ್ರಿಕೆಯನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ಓದಿ ಮಡಿಸಿಟ್ಟಳು, ಏನೂ ಹೇಳಲಿಲ್ಲ.

ಅಂಗಳದ ಇಳಿಜಾರಿನಲ್ಲಿ ಮಕ್ಕಳಿಬ್ಬರೂ ಅಡಿಕೆ ಹಾಳೆಯ ಮೇಲೆ ಕುಳಿತು ಜಾರುತ್ತಿದ್ದರು. ತುದಿಯಲ್ಲಿ ಹೇಗೆ ನಿಲ್ಲಬೇಕೆಂದು ಅಕ್ಕ ತಮ್ಮನಿಗೆ ಕಲಿಸುತ್ತಿದ್ದಳು.