ಗುಚ್ಛಿಯನ್ನರಸಿ

ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯಲ್ಲಿ ತೀರ್ಥನ್ ಎಂಬ ನದಿಯೊಂದು ಹರಿಯುವುದು. ಫಾಲ್ಗುಣವು ಕಳೆದು ಚೈತ್ರವು ಹುಟ್ಟುತ್ತಲೇ ಆ ಕಣಿವೆಯ ಹಳ್ಳಿಗರು ಆಕಾಶವನ್ನು ನೋಡತೊಡಗುವರು. ಅಲ್ಲಿಯ ವಸಂತಕ್ಕೆ ನಿಯಮವೆಂಬುದಿಲ್ಲ. ಬೆಳಿಗ್ಗೆ ಎಳಬಿಸಿಲು, ಮಧ್ಯಾಹ್ನಕ್ಕೆ ಮೋಡ, ಸಂಜೆಗೆ ಆಲಿಕಲ್ಲು, ರಾತ್ರಿ ಶಿಖರಗಳ ಮೇಲೆ ಹೊಸ ಹಿಮ. ಭೂಮಧ್ಯ ಸಮುದ್ರದ ಕಡೆಯಿಂದ ಹೊರಟು ಪಶ್ಚಿಮದೇಶಗಳನ್ನು ದಾಟಿ ಬರುವ ಮಾರುತಗಳು ತಮ್ಮಲ್ಲಿ ಉಳಿದ ನೀರನ್ನು ಈ ಬೆಟ್ಟಗಳ ಮೇಲೆ ಸುರಿಸಿ ಹೋಗುವುವು. ಹೂಬಿಟ್ಟ ಸೇಬಿನ ತೋಟವುಳ್ಳವನು ಆಗ ಗುಡುಗನ್ನು ಕೇಳಿ ಎದೆಗುಂದುವನು. ಗುಚ್ಛಿಯನ್ನು ಆಯುವವನು ಅದೇ ಗುಡುಗಿಗೆ ಕೈಮುಗಿಯುವನು. ಒಂದೇ ಮನೆಯಲ್ಲಿ ಮಗನು ಮೊದಲನೆಯ ಬಗೆಯವನೂ ತಾಯಿ ಎರಡನೆಯ ಬಗೆಯವಳೂ ಆಗಿರುವುದು ಅಪೂರ್ವವಲ್ಲ.

ಗುಚ್ಛಿಯೆಂದರೆ ಕಾಡಿನಲ್ಲಿ ತಾನಾಗಿ ಹುಟ್ಟುವ ಒಂದು ಅಣಬೆ. ನಮ್ಮ ಮಲೆನಾಡಿನ ಹುತ್ತದ ಅಣಬೆಯನ್ನು ಕಂಡವರಿಗೆ ಇದು ಅಣಬೆಯೆಂದೇ ತೋರದು. ಇದಕ್ಕೆ ಕೊಡೆಯ ಆಕಾರವಿಲ್ಲ. ಜೇನುಗೂಡಿನ ತುಂಡೊಂದನ್ನು ಬಿಳಿಯ ಕಾಂಡದ ಮೇಲೆ ನಿಲ್ಲಿಸಿದಂತಿರುವುದು. ಉದ್ದಕ್ಕೆ ಸೀಳಿದರೆ ತುದಿಯಿಂದ ಬುಡದವರೆಗೆ ಒಳಗೆಲ್ಲ ಟೊಳ್ಳು. ಬಣ್ಣವೋ, ಕಳೆದ ವರ್ಷದ ಒಣಗಿದ ಎಲೆಯ ಬಣ್ಣ. ದೇವದಾರು ಮತ್ತು ಕೈಲ್ ಮರಗಳ ಬುಡದಲ್ಲಿ, ಕಳೆದ ವರ್ಷ ಕಾಳ್ಗಿಚ್ಚು ಹಾದುಹೋದ ನೆಲದಲ್ಲಿ, ಒಮ್ಮೊಮ್ಮೆ ಸೇಬಿನ ತೋಟದಲ್ಲಿಯೇ ಕಾಣಿಸುವುದು. ಒಣಗಿಸಿದ ಗುಚ್ಛಿಯ ಒಂದು ಕಿಲೋಗ್ರಾಮಿಗೆ ಹತ್ತಾರು ಸಾವಿರ ರೂಪಾಯಿ ಬೆಲೆಯುಂಟು. ಆದರೆ ಆ ಒಂದು ಕಿಲೋಗ್ರಾಮಿಗೆ ಹಸಿಯದು ಸುಮಾರು 10 ಕಿಲೋಗ್ರಾಮು ಬೇಕು. ಬೆಲೆಯನ್ನು ಕೇಳಿ ಬೆರಗಾಗುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಕೇಳುವುದಿಲ್ಲ.

ಗುಡುಗಿನಿಂದಲೇ ಗುಚ್ಛಿ ಹುಟ್ಟುವುದೆಂದು ಆ ಜನರ ದೃಢವಾದ ನಂಬಿಕೆ. ಈ ನಂಬಿಕೆ ಹಳೆಯದು. ಮೇಘದೂತದಲ್ಲಿ ಕಾಳಿದಾಸನು ಭೂಮಿಯಲ್ಲಿ ಶಿಲೀಂಧ್ರಗಳನ್ನೆಬ್ಬಿಸುವ ಶಕ್ತಿಯನ್ನು ಮೇಘದ ಗರ್ಜನೆಗೇ ಕೊಟ್ಟಿದ್ದಾನೆ. ವ್ಯಾಖ್ಯಾನಕಾರನಾದ ಮಲ್ಲಿನಾಥನು ಅಲ್ಲಿ ಕಂದಲಿಯೆಂಬ ಗಿಡವನ್ನು ಹೇಳಿ ಮುಂದೆ ಸಾಗಿದನು. ಧರ್ಮಶಾಸ್ತ್ರವು ದ್ವಿಜರಿಗೆ ಅಣಬೆಯನ್ನು ನಿಷೇಧಿಸಿರುವುದರಿಂದ ಆತನಿಗೆ ಅದರ ಪರಿಚಯವು ಸಾಲದಾಗಿತ್ತೋ ಏನೋ! ವಿಜ್ಞಾನಿಗಳು ಹೇಳುವುದೇ ಬೇರೆ. ಗುಚ್ಛಿಯ ದೇಹವು ನೂಲಿನಂತೆ ಮಣ್ಣಿನೊಳಗೆ ಹಬ್ಬಿಕೊಂಡಿರುವುದು. ಹಿಮವು ಕರಗಿ ನೆಲವು ನೆನೆದು, ಮಣ್ಣು ಮೆಲ್ಲನೆ ಬೆಚ್ಚಗಾದಾಗ ಅದು ಹೊರಗೆ ತಲೆಯೆತ್ತುವುದು. ಗುಡುಗು ಆ ಮಳೆಯ ಸಂಗಡಿಗ ಮಾತ್ರ. ಆದರೂ ಜಪಾನಿನ ಇವಾತೆ ವಿಶ್ವವಿದ್ಯಾಲಯದವರು ಬೇರೆ ಜಾತಿಯ ಅಣಬೆಗಳ ಮೇಲೆ ಕೃತಕವಾದ ಮಿಂಚನ್ನು ಪ್ರಯೋಗಿಸಿ ಹೆಚ್ಚು ಬೆಳೆಯನ್ನು ಕಂಡಿರುವುದರಿಂದ ಹಳ್ಳಿಗರನ್ನು ನೋಡಿ ನಗಲು ಆತುರಪಡಬೇಕಾಗಿಲ್ಲ.

ಈ ಕಣಿವೆಯ ಅಜ್ಜಿಯೊಬ್ಬಳು, ವಯಸ್ಸು ಎಪ್ಪತ್ತರ ಹತ್ತಿರ, ಹನ್ನೆರಡು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಮಳೆಯ ಮರುದಿನ ಬೆಳಗಾಗುವ ಮೊದಲೇ ಹೊರಟಳು. ಕೈಯಲ್ಲಿ ಕೋಲು, ಬೆನ್ನ ಮೇಲೆ ಬುಟ್ಟಿ, ಸೆರಗಿನಲ್ಲಿ ಎರಡು ಜೋಳದ ರೊಟ್ಟಿ. ಚಳಿಗಾಲದಲ್ಲಿ ಹಿಮವು ತೆಳುವಾಗಿ ಬಿದ್ದಿತ್ತು. ಇಂಥ ಚಳಿಗಾಲಗಳು ಈಚೆಗೆ ಹೆಚ್ಚುತ್ತಿವೆ. ಮೊಮ್ಮಗಳು ಮುಂದಿನ ತರಗತಿಗೆ ಪೇಟೆಯ ಶಾಲೆಗೆ ಸೇರಬೇಕಾಗಿತ್ತು. ಅದಕ್ಕೆ ಬೇಕಾದ ಹಣವು ಈ ಬುಟ್ಟಿಯಿಂದಲೇ ಬರಬೇಕಾಗಿತ್ತು.

ಹುಡುಕುವ ಕ್ರಮವನ್ನು ಅಜ್ಜಿಯು ಅತ್ತೆಯಿಂದ ಕಲಿತವಳು. ನಿಂತು ನೋಡಿದರೆ ಗುಚ್ಛಿಯು ಕಾಣದು. ಇಳಿಜಾರಿನ ಕೆಳಗೆ ಕುಳಿತು, ಕಣ್ಣನ್ನು ನೆಲದ ಮಟ್ಟಕ್ಕೆ ತಂದು ಮೇಲಕ್ಕೆ ನೋಡಬೇಕು. ಒಂದು ಕಂಡಿತೆಂದು ಓಡಬಾರದು, ಕಾಲ ಕೆಳಗೆ ಇನ್ನೆರಡು ಇದ್ದೀತು. ಮೊಮ್ಮಗಳು ಮೊದಲನೆಯದನ್ನು ಕಿತ್ತು ಮೂಸಿ, ತುಟಿಯ ಹತ್ತಿರ ತಂದಳು. ಅಜ್ಜಿಯು ಕೈಯನ್ನು ತಟ್ಟಿಬಿಟ್ಟಳು. ಬೇಯಿಸದ ಗುಚ್ಛಿ ವಿಷ. ಓದಿದವರ ದೇಶದಲ್ಲಿಯೂ ಇದು ಮರೆತುಹೋಗುವುದುಂಟು: 2023ರಲ್ಲಿ ಅಮೆರಿಕದ ಮಾಂಟಾನಾ ಪ್ರಾಂತದ ಬೋಜ್‌ಮನ್ ಪಟ್ಟಣದಲ್ಲಿ, ಚೀನದಿಂದ ತರಿಸಿದ ಸಾಗುವಳಿಯ ಗುಚ್ಛಿಯನ್ನು ಹಸಿಯಾಗಿಯೂ ಅರೆಬೇಯಿಸಿಯೂ ಬಡಿಸಿದ ಉಪಾಹಾರಗೃಹದಲ್ಲಿ ಉಂಡ 51 ಮಂದಿ ಅಸ್ವಸ್ಥರಾಗಿ ಇಬ್ಬರು ಸತ್ತರು.

ಮಧ್ಯಾಹ್ನದ ವೇಳೆಗೆ ಬುಟ್ಟಿಯ ತಳವೂ ಮುಚ್ಚಿರಲಿಲ್ಲ. ಮೋಡ ಕವಿದು ಆಲಿಕಲ್ಲು ಬೀಳತೊಡಗಲು ಇಬ್ಬರೂ ಒಂದು ಮರದ ಬುಡದಲ್ಲಿ ಮುದುಡಿ ಕುಳಿತರು. ಅರ್ಧ ಗಂಟೆಯಲ್ಲಿ ಆಕಾಶವು ತೊಳೆದಂತಾಗಿ ಬಿಸಿಲು ಓರೆಯಾಗಿ ಬಿದ್ದಿತು. ಆಗ ಮೊಮ್ಮಗಳಿಗೆ ಎದುರಿನ ದಿಣ್ಣೆಯ ಮೇಲೆ ಐದಾರು ಗುಚ್ಛಿಗಳು ಸಾಲಾಗಿ ನಿಂತಿರುವುದು ಕಂಡಿತು. ಆದರೆ ಅವು ಎಲ್ಲೆಯ ಕಲ್ಲಿನಿಂದಾಚೆಗಿದ್ದವು.

ಆ ಕಲ್ಲಿನಾಚೆ ಇರುವುದು ಮಹಾ ಹಿಮಾಲಯ ರಾಷ್ಟ್ರೀಯ ಉದ್ಯಾನ. 1999ರಲ್ಲಿ ಸರಕಾರವು 754 ಚದರ ಕಿಲೋಮೀಟರುಗಳ ಈ ಕಾಡನ್ನು ಉದ್ಯಾನವೆಂದು ಅಂತಿಮವಾಗಿ ಘೋಷಿಸಿದಾಗ ಅದರೊಳಗೆ ಕುರಿ ಮೇಯಿಸುವುದೂ ಬೇರು ಗುಚ್ಛಿಗಳನ್ನು ತರುವುದೂ ನಿಂತವು. ಕಾರಣವಿಲ್ಲದೆ ಇಲ್ಲ. ಜುಜುರಾಣಾ ಎಂಬ ಅಪೂರ್ವ ಪಕ್ಷಿಯು ಗೂಡು ಕಟ್ಟುವುದು ಇದೇ ವಸಂತದಲ್ಲಿ; ನೂರಾರು ಜನರು ಪೊದೆಗಳನ್ನು ತಡಕಿದರೆ ಅದು ಮೊಟ್ಟೆಯ ಮೇಲೆ ಕುಳಿತೀತೆ? 2014ರಲ್ಲಿ ಈ ಉದ್ಯಾನವು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿತು. ಆದರೆ ಪರಿಹಾರದ ಹಣವು ಆಂಗ್ಲರು 19ನೆಯ ಶತಮಾನದಲ್ಲಿ ಮಾಡಿಸಿದ ಅರಣ್ಯ ಬಂದೋಬಸ್ತಿನ ದಾಖಲೆಯಲ್ಲಿ ಹಕ್ಕುಳ್ಳವರೆಂದು ಬರೆದಿದ್ದ ಮನೆತನಗಳಿಗೆ ಸಂದಿತು. ಅಜ್ಜಿಯ ಮನೆತನದ ಹೆಸರು ಅದರಲ್ಲಿರಲಿಲ್ಲ. ಆ ದಿಣ್ಣೆಯನ್ನು ಮಾತ್ರ ಆಕೆ ಮದುವೆಯಾಗಿ ಬಂದ ವರ್ಷವೇ ಅತ್ತೆ ತೋರಿಸಿದ್ದಳು.

“ಅಜ್ಜೀ, ಯಾರೂ ಇಲ್ಲ. ಓಡಿಹೋಗಿ ಕಿತ್ತು ತರಲೆ?”

ಅಜ್ಜಿಯು ಕೋಲನ್ನೂರಿಕೊಂಡು ಬಹಳ ಹೊತ್ತು ನೋಡಿದಳು. “ಅವು ನನಗೆ ಗೊತ್ತು ಮಗು. ಅಲ್ಲಿ ಒಂದು ಬಿದ್ದ ಮರವಿತ್ತು, ಅದರ ಎಡಕ್ಕೆ ಇನ್ನೂ ಇರುತ್ತವೆ” ಎಂದಳು. ಬಳಿಕ, “ನಡೆ, ಕೆಳಗಿನ ತೋಟದಂಚನ್ನು ನೋಡೋಣ. ಇವತ್ತು ಕದ್ದರೆ ನಾಳೆ ನಿನ್ನನ್ನು ಇಲ್ಲಿಗೆ ಕರೆತರಲು ನನಗೆ ಮುಖವಿರದು” ಎಂದು ಹಿಂದಿರುಗಿದಳು. ಇಳಿಯುವಾಗ ಮೊಮ್ಮಗಳು ಮೂರು ಸಲ ತಿರುಗಿ ನೋಡಿದಳು. ಅಜ್ಜಿಯು ಒಂದು ಸಲ.

ಆ ದಿನದ ಗಳಿಕೆ ಇಪ್ಪತ್ತಮೂರು ಗುಚ್ಛಿಗಳು. ಅವನ್ನು ದಾರಕ್ಕೆ ಪೋಣಿಸಿ ಒಲೆಯ ಮೇಲೆ ತೂಗುಹಾಕಿದಾಗ ಮೊಮ್ಮಗಳು ಮತ್ತೆ ಎಣಿಸಿ, ಶಾಲೆಯ ಹಣಕ್ಕೆ ಇಂಥ ಮಾಲೆಗಳು ಎಷ್ಟು ಬೇಕೆಂದು ಬೆರಳು ಮಡಿಸುತ್ತಾ ನಿದ್ದೆಹೋದಳು. ನಡುರಾತ್ರಿಯಲ್ಲಿ ಬೆಟ್ಟದ ಆಚೆ ಮತ್ತೆ ಗುಡುಗಿತು. ಮಗನು ಎದ್ದು ಸೇಬಿನ ಹೂಗಳನ್ನು ನೆನೆದು ನಿಟ್ಟುಸಿರುಬಿಟ್ಟನು. ಅಜ್ಜಿಯು ಕತ್ತಲೆಯಲ್ಲಿಯೇ ತಡಕಿ, ಕೋಲನ್ನೂ ಬುಟ್ಟಿಯನ್ನೂ ಬಾಗಿಲಿನ ಪಕ್ಕಕ್ಕೆ ತಂದಿರಿಸಿದಳು.